ನಾದಿನಿಯ ಗಾಡಿಗೆ ಒಂದು ಸೈಜ್ ದೊಡ್ಡ ಟೈರು

ಅಳತೆಯಣ್ಣನ ಟೈರ್ ಅಂಗಡಿಯ ಅಂಗಳದಲ್ಲಿ ಒಂದು ಮರದ ದಿಮ್ಮಿ ಬಿದ್ದಿದೆ. ಗೇಣೆತ್ತರ ಇರಬಹುದು. ಚಕ್ರ ಹತ್ತಿ ಹತ್ತಿ ಅದರ ಬೆನ್ನು ನುಣುಪಾಗಿದೆ. ಹೊಸಬರು ಯಾರಾದರೂ ಟೀ ಲೋಟ ಹಿಡಿದು ಅದರ ಮೇಲೆ ಕೂತರೆ ಪಕ್ಕದ ವೆಲ್ಡಿಂಗ್ ಅಂಗಡಿಯವನು ಅಲ್ಲಿಂದಲೇ ಕೂಗುತ್ತಾನೆ: "ಏಳ್ರೀ, ಅದು ಪರೀಕ್ಷೆ ಬರೆಯೋ ಜಾಗ. ಕೂತೋರೆಲ್ಲ ಫೇಲು."

ಪರೀಕ್ಷೆ ಟೈರಿಗೆ. ಪಿಕಪ್ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಆಲ್-ಟೆರೇನ್ ಟೈರ್ ಹುಡುಕಿಕೊಂಡು ಬರುತ್ತಾರೆ. ತಾರು ರಸ್ತೆಗೂ ಆಗಬೇಕು, ಕೆಸರಿಗೂ ಕಲ್ಲಿಗೂ ಆಗಬೇಕು, ಅಂಥ ದಪ್ಪ ಹಲ್ಲಿನ ಟೈರು. ಇಷ್ಟೇ ಆದರೆ ಒಳ್ಳೆಯದೇ. ಆದರೆ ಮುಕ್ಕಾಲು ಪಾಲು ಜನಕ್ಕೆ ಹಲ್ಲು ದಪ್ಪವಾದರೆ ಸಾಲದು, ಟೈರೂ ದೊಡ್ಡದಾಗಬೇಕು. ಯಾಕೆ ಅಂದರೆ ಉತ್ತರ ಇಲ್ಲ. ಗಾಡಿ ಭರ್ಜರಿಯಾಗಿ ಕಾಣಬೇಕಂತೆ. ತಮ್ಮ ಎದೆ ಉಬ್ಬಿಸಿದ್ದು ಸಾಲದೆ ಗಾಡಿಯ ಎದೆಯನ್ನೂ ಉಬ್ಬಿಸುವ ಚಟ.

ಟೈರಿನ ಪಕ್ಕೆಯ ಮೇಲೆ ಅಚ್ಚಾದ ಅಂಕಿಗಳನ್ನು ಓದುವವರು ಕಡಿಮೆ. ಮೊದಲನೆಯದು ಅಗಲ. ಎರಡನೆಯದು ಪಕ್ಕೆಯ ಎತ್ತರ, ಅಂದರೆ ಅಗಲದ ನೂರರಲ್ಲಿ ಎಷ್ಟು ಪಾಲು ಎಂಬುದು. ಕೊನೆಯದು ರಿಮ್ಮಿನ ಅಳತೆ. 235/70 R16 ಇದ್ದ ಕಡೆ 265/70 R16 ಹಾಕಿದರೆ "ಮೂವತ್ತು ಮಿಲಿಮೀಟರ್ ತಾನೇ, ಏನು ಮಹಾ" ಅನ್ನುತ್ತಾರೆ. ಎಪ್ಪತ್ತು ಎಂಬ ಅಂಕಿ ಎರಡರಲ್ಲೂ ಒಂದೇ ಇದ್ದರೂ ಅಗಲ ಹೆಚ್ಚಿದ್ದರಿಂದ ಎತ್ತರವೂ ಹೆಚ್ಚುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಚಕ್ರ ಎತ್ತರವಾದರೆ ಬ್ರೇಕಿಗೆ ಕೆಲಸ ಜಾಸ್ತಿ, ಮೀಟರು ಇರುವ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಜಾಗ ಕರಗುತ್ತದೆ.

"ಆ ಜಾಗ ಖಾಲಿ ಅಂತ ಯಾರು ಹೇಳಿದ್ದು?" ಎಂದು ಅಳತೆಯಣ್ಣ ಗದರುತ್ತಾನೆ. "ಕಲ್ಲು ಹತ್ತಿದಾಗ ಚಕ್ರ ಮೇಲಕ್ಕೆ ಬರಬೇಕಲ್ಲ, ಎಲ್ಲಿಗೆ ಬರುತ್ತೆ? ನಿಮ್ಮ ಮಾವನ ಮನೆಗಾ?"

ಅದಕ್ಕೇ ದಿಮ್ಮಿ. ಹೊಸ ಅಳತೆಯ ಟೈರ್ ಹಾಕಿದ ಮೇಲೆ ಮುಂದಿನ ಒಂದು ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಬೇಕು, ಗಾಡಿಗೆ ಭಾರ ಹೇರಬೇಕು, ಆಮೇಲೆ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಬೇಕು. ಭಾರ ಅಂದರೆ ಮರಳಿನ ಮೂಟೆಯಲ್ಲ, ಜನ. "ಬನ್ರೋ" ಎಂದು ಒಂದು ಕೂಗು ಬಿದ್ದರೆ ವೆಲ್ಡಿಂಗಿನವನು, ಟೀ ಅಂಗಡಿಯವನು, ಎದುರಿನ ಕ್ಷೌರದಂಗಡಿಯವನು, ಅವನ ಕುರ್ಚಿಯಲ್ಲಿದ್ದ ಅರ್ಧ ಗಡ್ಡದ ಗಿರಾಕಿ, ಎಲ್ಲರೂ ಬಂದು ಹತ್ತುತ್ತಾರೆ. ಕ್ಷೌರದವನದು ಭಾರಿ ದೇಹ. ಬಾನೆಟ್ಟಿನ ಮೇಲೆ ಕೂರುವ ಹಕ್ಕು ಅವನದೇ.

"ನೀನೊಬ್ಬ ಕೂತ್ರೆ ಸಾಕಲ್ಲೋ, ನಾವೆಲ್ಲ ಇಳೀತೀವಿ."

"ಹೊಟ್ಟೆಕಿಚ್ಚು ಪಡಬೇಡ. ಇದು ಕಷ್ಟಪಟ್ಟು ತಿಂದು ಬೆಳೆಸಿದ ಮೈ."

ಎಲ್ಲಾದರೂ ಉಜ್ಜಿದ ಸದ್ದು ಬಂತೋ, ಟೈರು ಕೆಳಗಿಳಿಯಬೇಕು. ಗಿರಾಕಿ ಕೈಮುಗಿದರೂ ಅಷ್ಟೇ, ಕೂಗಾಡಿದರೂ ಅಷ್ಟೇ. ಅಳತೆಯಣ್ಣ ಎಂಬ ಹೆಸರು ಬಂದದ್ದು ಹಾಗೆ. ಪಂಕ್ಚರ್ ಹಾಕುತ್ತ ಶುರು ಮಾಡಿದ ಮನುಷ್ಯ ಈ ಹಟದಿಂದಲೇ ಅಂಗಡಿ ಕಟ್ಟಿದ, ಮನೆ ಕಟ್ಟಿದ. ದೂರದ ಕಲ್ಲುಕ್ವಾರಿಯವರೂ "ಅವನು ಹಾಕಿದ್ರೆ ಮತ್ತೆ ನೋಡೋದೇ ಬೇಡ" ಎಂದು ಬರುತ್ತಿದ್ದರು.

ಇಂಥವನು ಒಂದೇ ಒಂದು ಗಾಡಿಗೆ ದಿಮ್ಮಿ ಹತ್ತಿಸಲಿಲ್ಲ. ಅದು ಅವನ ನಾದಿನಿಯ ಗಾಡಿ.

ಅಳತೆಯಣ್ಣನ ಹೆಂಡತಿಗೆ ಒಬ್ಬಳೇ ತಂಗಿ. ಅಪ್ಪ ಅಮ್ಮ ಬೇಗ ಹೋದರು. ಹಾಗಾಗಿ ತಂಗಿಗೆ ಅಕ್ಕನ ಮನೆಯೇ ತವರು, ಭಾವನೇ ಅಪ್ಪನ ಜಾಗದಲ್ಲಿ ಇದ್ದವನು, ಜಗಳಕ್ಕೂ ಅವನೇ ಸಿಗುತ್ತಿದ್ದ. ಗಾಡಿ ಓಡಿಸಲು ಕಲಿಸಿದ್ದೂ ಅವನೇ, ಇದೇ ಅಂಗಳದಲ್ಲಿ, ಹಳೇ ಟೈರುಗಳನ್ನು ಸಾಲಾಗಿ ಇಟ್ಟು ಅವುಗಳ ನಡುವೆ ಹಿಂದಕ್ಕೆ ತೆಗೆಸಿ. ಅವಳ ಗಂಡ ಜೇನು ಸಾಕುವವನು. ಎಲ್ಲರೂ ಅವನನ್ನು ಜೇನಿನವ ಎಂದೇ ಕರೆಯುತ್ತಾರೆ. ಹುಳು ಕಚ್ಚಿದರೆ ನಗುವ ಅವನು ಸ್ಟೇರಿಂಗ್ ಹಿಡಿದರೆ ಬೆವರುತ್ತಾನೆ. ಹಣ್ಣಿನ ತೋಟಗಳು ಹೂ ಬಿಟ್ಟಾಗ ಪೆಟ್ಟಿಗೆಗಳನ್ನು ತೋಟದಿಂದ ತೋಟಕ್ಕೆ ಸಾಗಿಸಬೇಕು. ಪಿಕಪ್ ಓಡಿಸುವವಳು ಅವಳು, ಪೆಟ್ಟಿಗೆ ಕಾಯುವವನು ಅವನು. ಅವರ ಸಂಸಾರವೆಂದರೆ ಅದೇ.

ಹಳೆಯ ಟೈರು ಸವೆದಾಗ ಅವಳು ಗಾಡಿ ತಂದಳು.

"ಭಾವ, ಇದೇ ಸೈಜ್ ಹಾಕಿ. ಹಲ್ಲು ಮಾತ್ರ ದಪ್ಪ ಇರಲಿ. ತೋಟದ ದಾರೀಲಿ ಚಕ್ರ ನಿಂತಲ್ಲೇ ತಿರುಗುತ್ತೆ."

"ಏನೇ, ಟೈರ್ ಅಂಗಡಿ ನಂದಾ ನಿಂದಾ?"

"ಅಂಗಡಿ ನಿಮ್ದು. ಗಾಡಿ ನಂದು."

"ಗಾಡಿ ನಿಂದು, ಕಲಿಸಿದ ಗುರು ನಾನು. ಹೋಗು, ಅಕ್ಕನ ಹತ್ರ ಟೀ ಕುಡಿದು ಬಾ."

"ಗುರುದಕ್ಷಿಣೆಗೆ ಜೇನು ತಂದಿದೀನಿ. ಹೋದ ಸಲದ ಹಾಗೆ ಎಲ್ಲ ನೀವೇ ನೆಕ್ಕಿ ಅಕ್ಕನಿಗೆ ಖಾಲಿ ಬಾಟಲಿ ಕೊಡಬೇಡಿ."

ಅವಳು ಕೇಳಿದ್ದು ಸರಿಯಾದದ್ದನ್ನೇ. ಇಷ್ಟು ವರ್ಷ ಭಾವ ಎಲ್ಲರಿಗೂ ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡೇ ಬೆಳೆದವಳು. ಆದರೆ ಅಂಗಡಿಯ ಬಾಗಿಲಲ್ಲಿ ಒಂದು ಸೆಟ್ ಟೈರು ನಿಂತಿತ್ತು, 265ರದು. ಬಂದವರೆಲ್ಲ ಅದರ ಹಲ್ಲಿಗೆ ಕೈ ಹಾಕಿ ನೋಡಿಯೇ ಒಳಗೆ ಬರುತ್ತಿದ್ದರು. ಅಳತೆಯಣ್ಣನಿಗೂ ಅದರ ಮೇಲೆ ಮೋಹ. ನಾದಿನಿಯ ಗಾಡಿ ತೋಟಗಳ ಸಾಲಿನಲ್ಲಿ ಎದ್ದು ಕಾಣಲಿ, ಭಾವ ಕೊಟ್ಟ ಉಡುಗೊರೆ ಎಂದು ನಾಲ್ಕು ಜನ ಹೇಳಲಿ ಎನಿಸಿತು. ಕಂಡವರ ಮಕ್ಕಳಿಗೆ ಬೈದು ಬುದ್ಧಿ ಹೇಳಿದ ಚಟವೇ ತನ್ನ ಮನೆ ಬಾಗಿಲಿಗೆ ಪ್ರೀತಿಯ ವೇಷದಲ್ಲಿ ಬಂದಾಗ ಅವನಿಗೆ ಗುರುತು ಸಿಗಲಿಲ್ಲ.

ಟೈರು ಬಿಗಿದು ಮುಗಿದಾಗ ಕ್ಷೌರದವನು ಕೈ ಒರೆಸಿಕೊಳ್ಳುತ್ತ ಬಂದಿದ್ದ. "ಅಣ್ಣ, ಹತ್ತಬೇಕಾ?"

"ಬೇಡ ಬಿಡೋ. ಮನೆ ಗಾಡಿ."

ಖಾಲಿ ಗಾಡಿಯನ್ನು ಸಮತಟ್ಟು ನೆಲದಲ್ಲಿ ಎರಡೂ ಕಡೆ ತಿರುಗಿಸಿ ನೋಡಿದ. ಎಲ್ಲೂ ತಾಗಲಿಲ್ಲ. ಅಷ್ಟು ಸಾಕು ಅಂದುಕೊಂಡ. ಹೊರಗಿನವರ ವಿಷಯದಲ್ಲಿ ವಹಿಸುವಷ್ಟು ಎಚ್ಚರವನ್ನು ನಾವು ಮನೆಯವರ ವಿಷಯದಲ್ಲಿ ವಹಿಸುವುದಿಲ್ಲ. ಗಿರಾಕಿಗೆ ಸ್ವಲ್ಪ ಹೆಚ್ಚುಕಡಿಮೆಯಾದರೆ ಬಂದು ಕೊರಳಪಟ್ಟಿ ಹಿಡಿಯುತ್ತಾನೆ. ಮನೆಯವರು ಹಿಡಿಯುವುದಿಲ್ಲ ಎಂಬ ಧೈರ್ಯ ನಮಗೆ. ಆ ಧೈರ್ಯಕ್ಕೆ ಸಲುಗೆ ಎಂಬ ಚೆಂದದ ಹೆಸರು ಬೇರೆ.

ನಾದಿನಿ ಟೀ ಕುಡಿದು ಬಂದವಳು ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು.

"ಇದೇನ್ ಭಾವ, ಏಣಿ ಹಾಕ್ಕೊಂಡು ಹತ್ತಬೇಕಾ? ನಾನು ಕೇಳಿದ್ದು ಇದಲ್ಲ."

"ನೀನು ಕೇಳಿದ್ದು ಅದು. ನಾನು ಕೊಟ್ಟಿದ್ದು ಇದು. ನಡಿ."

ನಕ್ಕು ಹೊರಟಳು. ಕೆಲವು ದಿನಗಳ ನಂತರ ಫೋನ್ ಮಾಡಿದಳು.

"ಭಾವ, ಪೆಟ್ಟಿಗೆ ತುಂಬಿರುವಾಗ ಜೋರಾಗಿ ತಿರುಗಿಸಿದ್ರೆ ಮುಂದೆ ಕರ್ರ್ ಅಂತ ಸದ್ದು ಬರುತ್ತೆ."

ಅಳತೆಯಣ್ಣ ಆಗ ಯಾರದೋ ಚಕ್ರದ ನಟ್ಟು ಬಿಗಿಯುತ್ತಿದ್ದ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ಹೇಳಿದ: "ಹೊಸ ಚಪ್ಪಲಿ ಮೊದಮೊದಲು ಕಚ್ಚಲ್ವಾ? ಹಾಗೇ. ಹೊಂದಿಕೊಳ್ಳುತ್ತೆ ಬಿಡು."

ಇದೇ ಮಾತನ್ನು ಬೇರೆ ಗಿರಾಕಿ ಹೇಳಿದ್ದರೆ ಸ್ಪ್ಯಾನರ್ ಕೆಳಗಿಟ್ಟು "ಗಾಡಿ ಅಲ್ಲೇ ನಿಲ್ಲಿಸಿ" ಅನ್ನುತ್ತಿದ್ದ.

ಆಮೇಲೆ ಒಂದು ಮುಂಜಾನೆ, ಹುಳುಗಳೆಲ್ಲ ಇನ್ನೂ ಗೂಡಿನಲ್ಲಿರುವಾಗ, ಪೆಟ್ಟಿಗೆಗಳ ಬಾಯಿಗೆ ಜಾಲರಿ ಬಡಿದು ಗಂಡ ಹೆಂಡತಿ ಹೊರಟರು. ತೋಟದ ದಾರಿಯಲ್ಲಿ ಒಂದು ಹಳ್ಳ, ಹಳ್ಳದ ಮೇಲೆ ತಡೆಗೋಡೆ ಇಲ್ಲದ ಮೋರಿ, ಮೋರಿ ಮೇಲೇ ಬಲಕ್ಕೆ ತಿರುವು. ಅವಳಿಗೆ ಅಂಗೈ ರೇಖೆಯಷ್ಟು ಪರಿಚಯದ ತಿರುವು. ಹಳೆಯ ಟೈರಿನಲ್ಲಿ ಎಷ್ಟೋ ಸಲ ದಾಟಿದ್ದಳು. ಈ ಸಲ ಎಡಗಡೆ ಮುಂದಿನ ಚಕ್ರ ಅಂಚಿನ ಕಲ್ಲು ಹತ್ತಿತು, ಅವಳು ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ಎಳೆದಳು, ಅದು ಅರ್ಧಕ್ಕೆ ನಿಂತಿತು. ಬ್ರೇಕ್ ಒತ್ತುವಷ್ಟರಲ್ಲಿ ಚಕ್ರ ಮೋರಿಯಿಂದ ಆಚೆ ಇತ್ತು. ಗಾಡಿ ಎಡಕ್ಕೆ ವಾಲಿ ಹಳ್ಳಕ್ಕೆ ಮಲಗಿತು. ಜೇನಿನವನ ಕಾಲು ಬಾಗಿಲಿನ ಕೆಳಗೆ ಸಿಕ್ಕಿತ್ತು. ಒಡೆದ ಪೆಟ್ಟಿಗೆಗಳಿಂದ ಹುಳು ಎದ್ದು ಆಕಾಶ ಕಪ್ಪಾಯಿತು. ಸದ್ದು ಕೇಳಿ ಬಂದ ತೋಟದವರು ಹತ್ತಿರ ಹೋಗಲಾರದೆ ದೂರ ನಿಂತರು. ಮುಖವೆಲ್ಲ ಹುಳು ಮುತ್ತಿಕೊಂಡಿದ್ದರೂ ಒಬ್ಬಳೇ ಗಂಡನನ್ನು ಎಳೆದು ದಂಡೆಗೆ ಹಾಕಿದಳು.

"ಸ್ಟೇರಿಂಗ್ ತಿರುಗಲಿಲ್ಲ" ಎಂದಳು, ಊದಿಕೊಂಡ ತುಟಿಯಲ್ಲಿ. ಅವತ್ತು ಅವಳು ಹೇಳಿದ್ದು ಅದೊಂದೇ ಮಾತು.

ದೂರ ನಿಂತಿದ್ದ ಮಹಾಶೂರರಿಗೆ ಆಗ ಬಾಯಿ ಬಂತು. ಒಬ್ಬ, "ಕುಣಿಯೋಕೆ ಬರದೋಳು ನೆಲ ಡೊಂಕು ಅಂದಳಂತೆ" ಎಂದ. ಇನ್ನೊಬ್ಬ, "ಹೆಂಗಸರ ಕೈಗೆ ಲೋಡ್ ಗಾಡಿ ಕೊಟ್ರೆ ಇನ್ನೇನಾಗುತ್ತೆ" ಎಂದ. ಅವಳು ಆಸ್ಪತ್ರೆ ಮುಟ್ಟುವುದರೊಳಗೆ ಆ ಮಾತು ಅಲ್ಲಿತ್ತು. ಒಬ್ಬನಾದರೂ ಬಗ್ಗಿ ಚಕ್ರ ನೋಡಲಿಲ್ಲ. ಗಂಡಸು ಬಿದ್ದರೆ ರಸ್ತೆ ಸರಿಯಿಲ್ಲ, ಹೆಂಗಸು ಬಿದ್ದರೆ ಹೆಂಗಸು ಸರಿಯಿಲ್ಲ. ಈ ತೀರ್ಪು ಬರೆಯಲು ನಮಗೆ ಸಾಕ್ಷಿಯೂ ಬೇಡ, ವಿಚಾರಣೆಯೂ ಬೇಡ.

ಬಗ್ಗಿ ನೋಡಿದವನು ಒಬ್ಬನೇ, ಅಳತೆಯಣ್ಣ. ಗಾಡಿಯನ್ನು ಎಳೆಸಿಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದ ಮೇಲೆ ಮಂಡಿಯೂರಿ ಎಡಚಕ್ರದ ಗೂಡಿನೊಳಗೆ ತಲೆ ಹಾಕಿದ. ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ ಮಡಚಿ ಟೈರಿನ ಹಲ್ಲಿಗೆ ಸಿಕ್ಕಿಕೊಂಡಿತ್ತು. ಬಿದ್ದ ಏಟಿಗೆ ಹೀಗಾಗಿರಬಹುದು ಅಂದುಕೊಂಡ. ಹಾಗೆ ಇರಲಿ ಎಂದು ಬೇಡಿಕೊಂಡ ಎಂದರೂ ಸರಿ. ಆಮೇಲೆ ಬಲಗಡೆ ಹೋದ. ಆ ಕಡೆಗೆ ಏಟೇ ಬಿದ್ದಿರಲಿಲ್ಲ. ಆದರೂ ಮಡ್‌ಗಾರ್ಡಿನ ಹಿಂಬದಿಯ ಅಂಚಿನಲ್ಲಿ ರಬ್ಬರು ಉಜ್ಜಿ ಉಜ್ಜಿ ಹತ್ತಿದ ಕಪ್ಪು ಮಸಿ ಹೊಳೆಯುತ್ತಿತ್ತು. ಕರ್ರ್ ಎಂದು ಅವಳು ಫೋನಿನಲ್ಲಿ ಹೇಳಿದ ಸದ್ದು ಅಲ್ಲಿತ್ತು.

ಅವನು ಆಗ ಮಾಡಿದ್ದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ಅವನನ್ನು ಕಂಡರೆ ನನಗೆ ಇಷ್ಟ. ಆದರೂ ಬರೆಯಬೇಕು. ಅವನು ಒಳಗೆ ಹೋಗಿ ಹಳೇ ಬಟ್ಟೆ ತಂದ, ಪೆಟ್ರೋಲ್‌ನಲ್ಲಿ ಅದ್ದಿದ, ಎರಡೂ ಕಡೆಯ ಮಸಿಯನ್ನು ಒರೆಸಿದ. ಹರಿದ ಪ್ಲಾಸ್ಟಿಕ್ ಕಿತ್ತು ಹೊಸದು ಹಾಕಿದ. ದೊಡ್ಡ ಟೈರುಗಳನ್ನು ಅಂಗಡಿಯ ಹಿಂದಕ್ಕೆ ಉರುಳಿಸಿ 235ರವನ್ನು ಬಿಗಿದ. ತಂತಿ ಬ್ರಷ್ ತೆಗೆದುಕೊಂಡು ನಟ್ಟುಗಳನ್ನೂ ಉಜ್ಜಿದ. ಕೈ ಸುಮ್ಮನಿರಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದಾಗ ಜೇನಿನವನ ಅಣ್ಣ ಬಂದಿದ್ದ. ಮರದ ವ್ಯಾಪಾರದವನು, ಮನೆತನದ ಹಿರಿಯ, ಮಾತು ಜೋರು. ನಾದಿನಿ ಬೆಂಚಿನ ತುದಿಯಲ್ಲಿ ಕೂತಿದ್ದಳು.

"ನೀವೇ ಹೇಳಿ, ನಿಮಗೆ ಗೊತ್ತಿರೋ ವಿಷಯ" ಎಂದು ಮರದಂಗಡಿಯವನು ಎಲ್ಲರಿಗೂ ಕೇಳುವಂತೆ ಕೇಳಿದ. "ಗಾಡೀಲಿ ಏನಾದ್ರೂ ದೋಷ ಇತ್ತಾ?"

"ಗಾಡೀಲಿ ಏನೂ ಇಲ್ಲ" ಎಂದ ಅಳತೆಯಣ್ಣ.

ನಾದಿನಿ ತಲೆಯೆತ್ತಿ ಭಾವನನ್ನು ನೋಡಿದಳು. ಸಿಟ್ಟಿನಿಂದಲ್ಲ. ಅವನ ಮಾತನ್ನು ಅವಳು ಎಂದೂ ಅನುಮಾನಿಸಿದವಳಲ್ಲ.

"ಹಾಗಾದ್ರೆ ನಾನೇ" ಎಂದಳು.

ಗಂಡನ ಕಾಲು ಮುರಿದವಳು ತಾನು ಎಂದು ಅವಳು ನಂಬಿದ್ದು ಆ ಕ್ಷಣದಿಂದ. ಊರು ಹೇಳಿದಾಗ ನಂಬಿರಲಿಲ್ಲ, ಭಾವ ಹೇಳಿದಾಗ ನಂಬಿದಳು.

ಆಮೇಲೆ ಶುರುವಾಯಿತು ನೋಡಿ ಹೊಗಳಿಕೆ. ಗಾಡಿ ರಿಪೇರಿ ಮಾಡಿಸಿಕೊಟ್ಟ, ಆಸ್ಪತ್ರೆಗೆ ಓಡಾಡಿದ, ಭಾವ ಅಂದರೆ ಹೀಗಿರಬೇಕು ಎಂದರು ಜನ. ಷಡ್ಡಕನನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಎಕ್ಸ್‌ರೇಗೆ ಮಲಗಿಸಿದನಂತೆ ಎಂದರು. ಹೆಂಡತಿ ತಟ್ಟೆಗೆ ಬಡಿಸುತ್ತ ಹೇಳಿದಳು: "ನನ್ನ ತಂಗಿಗೆ ಅಪ್ಪ ಇಲ್ಲ ಅನ್ನೋದು ನೀವು ಇರೋದ್ರಿಂದ ಗೊತ್ತಾಗ್ತಿಲ್ಲ ರೀ." ಅವನು ಅರ್ಧ ಊಟಕ್ಕೇ ಕೈ ತೊಳೆದು ಎದ್ದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತೇವೆ. ಇವನನ್ನು ಯಾರೂ ಕಳ್ಳ ಅನ್ನಲಿಲ್ಲ, ಆದರೂ ದಿನವಿಡೀ ಹೆಗಲು ಮುಟ್ಟಿಕೊಳ್ಳುತ್ತಿದ್ದ. ಬಂದ ಗಾಡಿಯನ್ನೆಲ್ಲ ದಿಮ್ಮಿ ಹತ್ತಿಸತೊಡಗಿದ. ಇದ್ದ ಅಳತೆಯ ಟೈರನ್ನೇ ಮತ್ತೆ ಹಾಕಿಸಿಕೊಂಡವರನ್ನೂ ಬಿಡಲಿಲ್ಲ. ಅಕ್ಕಪಕ್ಕದವರಿಗೆ ಸಾಕಾಗಿಹೋಯಿತು.

"ಅಣ್ಣ, ಅಲ್ಲೊಂದು ಸೈಕಲ್ ಬರ್ತಿದೆ. ಅದಕ್ಕೂ ಹತ್ತಬೇಕಾ?" ಎಂದ ಕ್ಷೌರದವನು.

ಬೇರೆ ದಿನವಾಗಿದ್ದರೆ ಅಳತೆಯಣ್ಣ ಅದಕ್ಕೆ ಸರಿಯಾಗಿ ತಿರುಗೇಟು ಕೊಡುತ್ತಿದ್ದ. ಅವತ್ತು ಬೈದುಬಿಟ್ಟ. ಕ್ಷೌರದವನು ಪೆಚ್ಚಾಗಿ ಹೋದ.

ನಾದಿನಿ ಒಂದು ಮಧ್ಯಾಹ್ನ ನಡೆದುಕೊಂಡು ಬಂದಳು. ರಸ್ತೆಯ ಆ ಕಡೆ ನಿಂತವಳು ದಾಟಲಾರದೆ ತುಂಬ ಹೊತ್ತು ನಿಂತಿದ್ದಳು. ಲೋಡ್ ಗಾಡಿಯನ್ನು ಸಂದಿಗೊಂದಿಯಲ್ಲಿ ನುಗ್ಗಿಸುತ್ತಿದ್ದವಳು. ಹಳೇ ಟೈರಿನ ಮೇಲೆ ಕೂತು ತನ್ನ ಅಂಗೈಗಳನ್ನೇ ನೋಡಿಕೊಂಡಳು.

"ಭಾವ, ಎಷ್ಟು ಯೋಚಿಸಿದ್ರೂ ತಿಳೀತಿಲ್ಲ. ನನ್ನ ಕೈ ಅಲ್ಲಿ ಯಾಕೆ ನಿಂತುಹೋಯ್ತು? ಹೆದರಿದ್ನಾ? ಹೆದರಿದ್ದು ನೆನಪೇ ಇಲ್ಲ."

"ಯೋಚನೆ ಮಾಡಬೇಡ" ಎಂದ.

"ಅವರು ರಾತ್ರಿ ನೋವಿಗೆ ನರಳಿದ್ರೆ ನಾನು ಗೋಡೆ ಕಡೆ ತಿರುಗಿ ಮಲಗ್ತೀನಿ. ಮುಖ ನೋಡೋಕಾಗಲ್ಲ."

ಅವನ ಹಿಂದಿನ ಗೋಡೆಯ ಆಚೆಗೇ ಆ ನಾಲ್ಕು ಟೈರುಗಳಿದ್ದವು. ಎದ್ದು ಹೋಗಿ ತೋರಿಸಿದ್ದರೆ ಆಗುತ್ತಿತ್ತು. "ಟೀ ತರಿಸಲಾ?" ಎಂದು ಕೇಳಿದ.

ಕೊನೆಗೆ ಮರದಂಗಡಿಯವನು ಪಂಚಾಯಿತಿ ಸೇರಿಸಿದ. ತಮ್ಮನ ಮನೆಯ ನಡುಮನೆ. ಜೇನಿನವ ಕಾಲು ಚಾಚಿ ಮಂಚದ ಮೇಲೆ, ಪಕ್ಕದಲ್ಲಿ ಅವನ ಊರುಗೋಲು, ಅಕ್ಕ ತಂಗಿ ಬಾಗಿಲ ಬಳಿ. ಮರದಂಗಡಿಯವನ ಲೆಕ್ಕಾಚಾರ ಸರಳವಾಗಿತ್ತು. ಪಿಕಪ್ ತನ್ನ ಮರದಂಗಡಿಗೆ ಬರಲಿ, ತನ್ನ ಡ್ರೈವರ್ ಓಡಿಸಲಿ. ಉಳಿದ ಪೆಟ್ಟಿಗೆಗಳನ್ನು ಕೇಳಿದವರಿಗೆ ಕೊಟ್ಟುಬಿಡೋಣ. ತಮ್ಮನಾದವನು ಅಂಗಡಿಯಲ್ಲಿ ಕೂತು ವ್ಯವಹಾರ ನೋಡಿಕೊಳ್ಳಲಿ.

"ಮತ್ತೆ ಇವಳು?" ಎಂದಳು ಅಕ್ಕ.

"ಮನೆ ನೋಡ್ಕೊಳ್ಳಲಿ. ಓಡಿಸಿದ್ದು ಸಾಕಲ್ಲ, ಎಲ್ಲರೂ ನೋಡಿದ್ವಿ."

ಯಾರೂ ಕೇಳದೆಯೇ ನಾದಿನಿ ಎದ್ದು ಮೊಳೆಗೆ ತೂಗುಹಾಕಿದ್ದ ಕೀಲಿ ತೆಗೆದು ಮೇಜಿನ ಮೇಲಿಟ್ಟಳು. ಜೇನಿನವ ಗೋಡೆ ನೋಡುತ್ತಿದ್ದ. ಅವನಿಗೆ ಪೆಟ್ಟಿಗೆ ಬಿಟ್ಟು ಬೇರೆ ಬದುಕು ಗೊತ್ತಿರಲಿಲ್ಲ, ಬೇಡ ಅನ್ನಲು ಬಾಯೂ ಇರಲಿಲ್ಲ.

"ನೀವು ಒಂದು ಮಾತು ಹೇಳಿಬಿಡಿ" ಎಂದು ಮರದಂಗಡಿಯವನು ಅಳತೆಯಣ್ಣನ ಕಡೆ ತಿರುಗಿದ. "ಅವಳ ಕಡೆ ಹಿರಿಯರು ಅಂತ ಇರೋದು ನೀವೇ."

"ತಪ್ಪು ನಂದು" ಎಂದ ಅಳತೆಯಣ್ಣ.

"ನಿಮ್ದೇನ್ ತಪ್ಪು? ಕಲಿಸಿದ್ದು ತಪ್ಪಾ?" ಮರದಂಗಡಿಯವನು ನಕ್ಕ.

"ಟೈರ್ ದೊಡ್ಡದು ಹಾಕಿದ್ದೆ. ಅವಳು ಬೇಡ ಅಂದಿದ್ಲು. ಲೋಡಲ್ಲಿ ಪೂರ್ತಿ ತಿರುಗೋಕೆ ಜಾಗ ಇರಲಿಲ್ಲ. ಸ್ಟೇರಿಂಗ್ ತಿರುಗಲಿಲ್ಲ ಅಂದ್ಲಲ್ಲ, ಅದು ನಿಜ."

ಆಮೇಲೆ ಆದದ್ದು ಅವನು ನೆನೆಸಿರದ ಶಿಕ್ಷೆ. ಹೆಂಡತಿಯ ಕಣ್ಣು ತುಂಬಿತು, ಹೆಮ್ಮೆಯಿಂದ. ಮರದಂಗಡಿಯವನು ಎದ್ದು ಬಂದು ಅವನ ಭುಜ ತಟ್ಟಿದ. "ನಿಮ್ಮದು ದೊಡ್ಡ ಮನಸ್ಸು. ಹೆಣ್ಣುಮಗಳ ಮರ್ಯಾದೆ ಉಳಿಸೋಕೆ ಸ್ವಂತ ಅಂಗಡಿ ಹೆಸರನ್ನೇ ಬಲಿ ಕೊಡ್ತಿದೀರ. ಆದ್ರೆ ಅಳತೆಯಣ್ಣನ ಟೈರು ತಪ್ಪು ಅಂದ್ರೆ ನಂಬೋರು ಯಾರು ಸ್ವಾಮಿ?"

ನಾದಿನಿಯೂ ಹೇಳಿದಳು: "ಬೇಡ ಭಾವ. ಟೈರ್ ದೊಡ್ಡದಿತ್ತು ನಿಜ, ಆದ್ರೆ ಗಾಡೀಲಿ ಏನೂ ಇಲ್ಲ ಅಂತ ನೋಡಿ ಹೇಳಿದ್ದು ನೀವೇ. ನನಗೋಸ್ಕರ ನೀವು ಸುಳ್ಳು ಹೇಳಬೇಡಿ."

ಸುಳ್ಳು ಹೇಳಿದಾಗ ಒಂದೇ ಮಾತಿಗೆ ಎಲ್ಲರೂ ನಂಬಿದರು. ನಿಜ ಹೇಳಿದಾಗ ಒಳ್ಳೆಯತನ ಎಂದರು. ಸಾಕ್ಷಿ ತೋರಿಸೋಣವೆಂದರೆ ಅದನ್ನು ತಾನೇ ಪೆಟ್ರೋಲ್ ಹಾಕಿ ತೊಳೆದಿದ್ದ. ಅಳತೆಯಣ್ಣ ಮೇಜಿನ ಮೇಲಿದ್ದ ಕೀಲಿ ತೆಗೆದುಕೊಂಡ. "ಎಲ್ಲರೂ ಅಂಗಡಿಗೆ ಬನ್ನಿ" ಎಂದ. "ನೀನೂ" ಎಂದು ಷಡ್ಡಕನನ್ನು ಎಬ್ಬಿಸಿದ.

ಪಿಕಪ್ಪನ್ನು ಅಂಗಳದಲ್ಲಿ ನಿಲ್ಲಿಸಿ ಅಂಗಡಿಯ ಹಿಂದಿನಿಂದ ಆ ದೊಡ್ಡ ಟೈರುಗಳನ್ನು ಒಂದೊಂದಾಗಿ ಉರುಳಿಸಿ ತಂದ. ಯಾರನ್ನೂ ಹತ್ತಿರ ಬಿಡದೆ ತಾನೇ ಜ್ಯಾಕ್ ಎತ್ತಿ ಬಿಗಿದ. ಎಡಚಕ್ರವನ್ನು ದಿಮ್ಮಿ ಹತ್ತಿಸಿ "ಬನ್ರೋ" ಎಂದ. ಬೈಸಿಕೊಂಡಿದ್ದ ಕ್ಷೌರದವನೂ ಬಂದ. ಆದರೆ ಯಾರ ಬಾಯಲ್ಲೂ ತಮಾಷೆ ಇರಲಿಲ್ಲ. ಎಲ್ಲ ಮೆಲ್ಲಗೆ ಹತ್ತಿ ಕೂತರು. ಗಾಡಿ ಕುಗ್ಗಿತು.

"ನೀವು ಕೂತ್ಕೊಳ್ಳಿ" ಎಂದು ಮರದಂಗಡಿಯವನಿಗೆ ಸೀಟು ತೋರಿಸಿದ. "ಬಲಕ್ಕೆ ಪೂರ್ತಿ ತಿರುಗಿಸಿ."

ಅವನು ಉತ್ಸಾಹದಿಂದಲೇ ತಿರುಗಿಸಿದ. ಸ್ಟೇರಿಂಗ್ ಅರ್ಧ ಹೋಯಿತು. ಕರ್ರ್ ಎಂದಿತು. ನಿಂತಿತು. ಮುಖ ಕೆಂಪಾಗಿಸಿಕೊಂಡು ಎರಡೂ ಕೈಯಲ್ಲಿ ಎಳೆದ. ಹೊಸ ಪ್ಲಾಸ್ಟಿಕ್ ಟೈರಿನ ಹಲ್ಲಿಗೆ ಸಿಕ್ಕಿ ಚರ್ರನೆ ಹರಿಯಿತು. ಸ್ಟೇರಿಂಗ್ ಮಾತ್ರ ತಿರುಗಲಿಲ್ಲ. ನೆಲ ನಿಜಕ್ಕೂ ಡೊಂಕಾಗಿತ್ತು.

ಮೊದಲು ಮಾತಾಡಿದವನು ಜೇನಿನವ. ಊರುಗೋಲಿನ ಮೇಲೆ ಪೂರ್ತಿ ಭಾರ ಹಾಕಿ ಹೆಂಡತಿಯ ಕಡೆ ನೋಡದೆ ಹೇಳಿದ: "ಅವತ್ತೇ ಹೇಳಿದ್ಲು. ನಾನು ಪಕ್ಕದಲ್ಲೇ ಕೂತಿದ್ದೆ. ನಾನೂ ನಂಬಲಿಲ್ಲ."

ಮರದಂಗಡಿಯವನು ಇಳಿದು ಅಂಗಿ ಸರಿಮಾಡಿಕೊಂಡ. "ಹೋಗ್ಲಿ ಬಿಡಿ. ಆಗಿದ್ದು ಆಯ್ತು, ಏನ್ ಮಾಡೋಕಾಗುತ್ತೆ." ತಾನು ಎಡವಿದಾಗ ಮಾತ್ರ ಇಂಥವರಿಗೆ ಆಗಿದ್ದು ಆಯ್ತು. ಇಷ್ಟು ದಿನ ಆಗಿದ್ದು ಆಗಿರಲಿಲ್ಲ, ಅವಳ ತಪ್ಪಿನ ಮಾತು ದಿನಾ ಊಟಕ್ಕೆ ಉಪ್ಪಿನ ಹಾಗೆ ಬೇಕಾಗಿತ್ತು.

ನಾದಿನಿ ಹರಿದ ಪ್ಲಾಸ್ಟಿಕ್ಕಿನ ಹತ್ತಿರ ಬಗ್ಗಿ ಅಂಚಿನ ಮೇಲೆ ಬೆರಳು ಎಳೆದಳು. ಬೆರಳಿಗೆ ಕಪ್ಪು ಹತ್ತಿತು.

"ಇದು ಅವತ್ತೂ ಇತ್ತಲ್ಲ?" ಎಂದಳು.

"ಇತ್ತು."

"ಏನಾಯ್ತು?"

"ಒರೆಸಿದೆ."

"ನಾನು ಎಲ್ಲಿದ್ದೆ ಆವಾಗ?"

"ಆಸ್ಪತ್ರೇಲಿ."

ಅವಳು ತಲೆಯಾಡಿಸಿದಳು. ಬೈದಿದ್ದರೆ, ಒಂದು ಏಟು ಹಾಕಿದ್ದರೆ, ಅವನಿಗೆ ಹಗುರವಾಗುತ್ತಿತ್ತು. ಹೆಂಡತಿಯೂ ಬೈಯಲಿಲ್ಲ. "ಅವಳಿಗೆ ಇದ್ದಿದ್ದು ಒಂದೇ ತವರು" ಎಂದು ಯಾರಿಗೋ ಹೇಳುವ ಹಾಗೆ ಹೇಳಿ ತಂಗಿಯ ಪಕ್ಕ ಹೋಗಿ ನಿಂತಳು. ಅಳತೆಯಣ್ಣ ಕ್ಷಮೆ ಕೇಳಲಿಲ್ಲ. ಕೇಳಿದರೆ ಕ್ಷಮಿಸಬೇಕಾದ ಕಷ್ಟವೂ ಅವಳ ಮೇಲೆಯೇ ಬೀಳುತ್ತದೆ ಎಂದು ಅನ್ನಿಸಿತಂತೆ.

"ಸರಿಯಾದ ಸೈಜ್ ಹಾಕಿ" ಎಂದಳು ನಾದಿನಿ.

ಅವನು ಮತ್ತೆ ಜ್ಯಾಕ್ ಎತ್ತಿದ. ಪ್ರತಿ ಟೈರು ಬಿಗಿಯುವ ಮುಂಚೆ ಅವಳು ಬಗ್ಗಿ ಪಕ್ಕೆಯ ಮೇಲಿನ ಅಂಕಿ ತಾನೇ ಓದಿದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ದಿಮ್ಮಿ ತೋರಿಸಿದಳು. ಎಲ್ಲರೂ ಹತ್ತಿದರು. ಈ ಸಲ ತಾನೇ ಕೂತು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿದಳು. ಎಲ್ಲೂ ಸದ್ದಿಲ್ಲ. ಇನ್ನೊಂದು ಚಕ್ರವನ್ನೂ ಹತ್ತಿಸಿ ನೋಡಿದಳು. ಗಂಡನನ್ನು ಕೈ ಹಿಡಿದು ಹತ್ತಿಸಿ ಪಕ್ಕದಲ್ಲಿ ಕೂರಿಸಿದಳು.

ಮರದಂಗಡಿಯವನು ಏನೋ ಹೇಳಲು ಬಾಯಿ ತೆರೆದ. "ದಾರಿ ಬಿಡಿ" ಎಂದಳು ಅವಳು. ಬಿಟ್ಟ.

ಗಾಡಿ ಅಂಗಳ ದಾಟಿ ಗೇಟಿನ ಬಳಿ ನಿಂತಿತು. ಅಳತೆಯಣ್ಣ ಸ್ಪ್ಯಾನರ್ ಹಿಡಿದುಕೊಂಡೇ ಎರಡು ಹೆಜ್ಜೆ ಮುಂದೆ ಬಂದ. ತನ್ನನ್ನು ಕರೆಯಲು ನಿಲ್ಲಿಸಿದಳು ಅಂದುಕೊಂಡ. ಅವಳು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ರಸ್ತೆ ಖಾಲಿಯಾಗುವವರೆಗೆ ಕಾದು ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟುಹೋದಳು.